ಬಣ್ಣದ ಭಾವ, ಕುಂಚದ ನಡೆ

ಗಡಿನಾಡಿನ ಕನ್ನಡ ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯೆಂದ ಮೇಲೆ ಅದರಲ್ಲಿ ಶಾಲೆ ನಡೆದುಬಂದ ದಾರಿ, ಸ್ಥಾಪಕರ ತ್ಯಾಗ, 1956ರ ನವೆಂಬರ್ 1ರ ಬಳಿಕ ಕಾಸರಗೋಡಿನ ಕನ್ನಡಿಗರಿಗೊದಗಿದ ಸ್ಥಿತಿ, ಭಾಷೆಯ ಅಳಿವು ಉಳಿವು ಮೊದಲಾದ ವಿಷಯಗಳನ್ನು ಕುರಿತ ಲೇಖನಗಳಿರುವುದು ಸಹಜವೇ ಆಗಿದೆ. ಅವನ್ನು ನನಗಿಂತ ಹೆಚ್ಚಿನ ಅಧಿಕಾರದಿಂದ ಬರೆಯಬಲ್ಲ ಹಿರಿಯರು ಇದೇ ಸಂಚಿಕೆಯಲ್ಲಿ ಬರೆದಿರುತ್ತಾರೆ. ಸಂಪಾದಕ ಸಮಿತಿಯವರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟುದರಿಂದ, ಶಾಲೆಗಳಲ್ಲಿ ಎಲ್ಲರಿಗಿಂತ ಕೊನೆಯ ಪಂಕ್ತಿಯಲ್ಲಿ ಕುಳಿತುಕೊಳ್ಳುವ ವಿಷಯವೊಂದನ್ನು ನಾನು ಆರಿಸಿಕೊಂಡಿದ್ದೇನೆ. ಅದು ಚಿತ್ರಕಲೆ, ಅದರಲ್ಲಿಯೂ ನಿಸರ್ಗಚಿತ್ರ. ಒಂದು ಗದ್ದೆ, ಒಂದು ಆಕಾಶ, ನಾಲ್ಕು ಹಕ್ಕಿ, ಇಷ್ಟೇ ಇರುವ ಚಿತ್ರವೊಂದು ನೋಡುವವನ ಎದೆಯಲ್ಲಿ ದುಃಖವನ್ನೋ ಕಳವಳವನ್ನೋ ಹಿಗ್ಗನ್ನೋ ಹೇಗೆ ಹುಟ್ಟಿಸುತ್ತದೆ ಎಂಬ ಪ್ರಶ್ನೆ ನಮ್ಮ ಮಕ್ಕಳ ಮುಂದೆ ಬರಲೇಬೇಕಾದ ಪ್ರಶ್ನೆಯೆಂದು ನಾನು ತಿಳಿದಿದ್ದೇನೆ. ಅದು ಬಾರದಂತೆ ನೋಡಿಕೊಳ್ಳುವುದರಲ್ಲಿ ನಮ್ಮ ಶಾಲೆಗಳು ಬಹುಮಟ್ಟಿಗೆ ಯಶಸ್ವಿಯಾಗಿವೆ.

ಏಳನೆಯ ತರಗತಿಯ ಯಾವ ಮಗುವಿನ ಕೈಗಾದರೂ ಒಂದು ಬಿಳಿಯ ಹಾಳೆಯನ್ನು ಕೊಟ್ಟು ‘ಪ್ರಕೃತಿದೃಶ್ಯ ಬಿಡಿಸು’ ಎಂದು ಹೇಳಿ ನೋಡಿ. ಎರಡು ತ್ರಿಕೋನದ ಗುಡ್ಡಗಳು, ಅವೆರಡರ ನಡುವೆ ಕಿರಣಗಳನ್ನು ಚೆಲ್ಲುವ ಅರ್ಧ ಸೂರ್ಯ, ಅಲ್ಲಿಂದಲೇ ಹೊರಟು ಹಾಳೆಯ ಕೆಳತುದಿಗೆ ಬಂದು ಅಗಲವಾಗುವ ಹೊಳೆ, ದಡದಲ್ಲೊಂದು ಗುಡಿಸಲು, ಬಾಗಿದ ಒಂದು ತೆಂಗಿನ ಮರ, ಆಕಾಶದಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂತಹ ಐದಾರು ಹಕ್ಕಿಗಳು. ಎಲೆ ಹಸುರು, ನೀರು ನೀಲಿ, ಸೂರ್ಯ ಕೆಂಪು. ಈ ಚಿತ್ರವನ್ನು ಮಗುವಿಗೆ ಯಾರೂ ಕಲಿಸಿದಂತೆ ಕಾಣುವುದಿಲ್ಲ. ಆದರೂ ಅದು ಊರೂರಿಗೆ ಹಬ್ಬಿದೆ. ಸೋಜಿಗವೆಂದರೆ ನಮ್ಮ ಕಡೆಯ ಗುಡ್ಡಗಳಿಗೆ ತ್ರಿಕೋನದ ಆಕಾರವಿಲ್ಲ. ಅವು ಮುರಕಲ್ಲಿನ ಸಪಾಟಾದ ಪದವುಗಳು. ಮಳೆಗಾಲದಲ್ಲಿ ಕಲ್ಲು ನೆನೆದು ಕಪ್ಪಾಗುತ್ತದೆ, ಪಾಚಿ ಹಿಡಿಯುತ್ತದೆ. ಮಳೆ ಇಳಿಯುವ ಹೊತ್ತಿಗೆ ಕಲ್ಲಿನ ಮೇಲಿನ ತೆಳ್ಳನೆಯ ನೀರಿನಲ್ಲಿ ನೀಲಿಯ ಸಣ್ಣ ಹೂಗಳು ಹಾಸಿನಂತೆ ಅರಳುತ್ತವೆ. ಬೇಸಗೆಯಲ್ಲಿ ಅದೇ ಪದವು ಒಣಹುಲ್ಲಿನ ಮಾಸಲು ಹಳದಿಗೆ ತಿರುಗುತ್ತದೆ. ನಮ್ಮ ಸೂರ್ಯನಾದರೋ ಮುಳುಗುವುದು ಕಡಲಿನಲ್ಲಿ. ಇದನ್ನೆಲ್ಲ ದಿನವೂ ಕಾಣುತ್ತ ಶಾಲೆಗೆ ನಡೆದುಬರುವ ಮಗು ಹಾಳೆಯ ಮುಂದೆ ಕುಳಿತೊಡನೆ ತಾನು ಕಂಡಿರದ ಎರಡು ತ್ರಿಕೋನಗಳನ್ನು ಗೀಚುತ್ತದೆ.

ನಮ್ಮ ಹಳೆಯ ಕವಿಗಳಿಗೆ ಮಹಾಕಾವ್ಯವೆಂದರೆ ಅಷ್ಟಾದಶ ವರ್ಣನೆಗಳು ಬೇಕೇ ಬೇಕಾಗಿದ್ದವು. ಕಡಲನ್ನು ಕಾಣದವನೂ ಕಡಲನ್ನು ವರ್ಣಿಸಬೇಕಾಗಿತ್ತು. ಮಕ್ಕಳ ಈ ಚಿತ್ರವೂ ಅಂತಹ ಒಂದು ಕವಿಸಮಯವೆಂದು ನಗೆಯಾಡಬಹುದು. ಆದರೆ ಮಹಾಕವಿಯಾದವನು ಕಟ್ಟಳೆಯೊಳಗಿದ್ದೂ ತನ್ನ ಕಣ್ಣನ್ನು ಕಳೆದುಕೊಳ್ಳಲಿಲ್ಲ. ನಮ್ಮ ಮಕ್ಕಳಿಗೆ ಆ ಅವಕಾಶವೇ ದೊರೆಯುತ್ತಿಲ್ಲ. ಚಿತ್ರವೆಂದರೆ ವಸ್ತುಗಳ ಪಟ್ಟಿ, ಒಂದೊಂದು ವಸ್ತುವಿಗೂ ಅದರದೇ ಆದ ಒಂದು ಖಾಯಂ ಬಣ್ಣ, ಆ ಬಣ್ಣವನ್ನು ಗೆರೆ ದಾಟದಂತೆ ತುಂಬುವುದೇ ಚಿತ್ರಕಾರನ ಕೆಲಸ ಎಂಬ ನಂಬಿಕೆ ಅವರಲ್ಲಿ ಬೇರೂರುತ್ತದೆ. ಚಿತ್ರಸ್ಪರ್ಧೆಗಳಲ್ಲಿ ಬಹುಮಾನ ಬರುವುದೂ ಗೆರೆ ದಾಟದ ಬಣ್ಣಕ್ಕೇ. ಈ ನಂಬಿಕೆ ಎಷ್ಟು ಪೊಳ್ಳೆಂಬುದನ್ನು ತಿಳಿಯಲು ಪರದೇಶದ ಒಬ್ಬ ಚಿತ್ರಕಾರನ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದರೆ ಸಾಕು.

ವಿನ್ಸೆಂಟ್ ವ್ಯಾನ್ ಗೋ ಹುಟ್ಟಿದ್ದು 1853ರಲ್ಲಿ, ಹಾಲೆಂಡಿನಲ್ಲಿ. ಚಿತ್ರಕಾರನಾಗಬೇಕೆಂದು ನಿಶ್ಚಯಿಸಿದ್ದು 1880ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ. ತೀರಿಕೊಂಡದ್ದು 1890ರ ಜುಲೈ 29ರಂದು. ಹೀಗೆ ಅವನ ಕಲಾಜೀವನವೆಲ್ಲ ಹತ್ತು ವರ್ಷಗಳಷ್ಟೇ. ಕೊನೆಯ ಎಪ್ಪತ್ತು ದಿನಗಳನ್ನು ಅವನು ಪ್ಯಾರಿಸಿನ ಸಮೀಪದ ಓವೇರ್ ಎಂಬ ಹಳ್ಳಿಯಲ್ಲಿ ಕಳೆದನು. ಆ ಹಳ್ಳಿಯ ಸುತ್ತಲಿನ ಗೋಧಿಯ ಹೊಲಗಳನ್ನು ಕುರಿತು 1890ರ ಜುಲೈ ತಿಂಗಳಿನಲ್ಲಿ ಅವನು ರಚಿಸಿದ ಎರಡು ತೈಲಚಿತ್ರಗಳು ಈಗ ಆಮ್‌ಸ್ಟರ್‌ಡಾಮಿನ ವ್ಯಾನ್ ಗೋ ಮ್ಯೂಸಿಯಮ್ಮಿನಲ್ಲಿವೆ. ಎರಡರ ಎತ್ತರವೂ ಸುಮಾರು 50 ಸೆಂಟಿಮೀಟರು; ಅಗಲ ಅದರ ಎರಡರಷ್ಟು. ಒಂದು ‘ಕಾರ್ಮೋಡದ ಕೆಳಗಿನ ಗೋಧಿಯ ಹೊಲಗಳು’. ಮತ್ತೊಂದು ‘ಕಾಗೆಗಳಿರುವ ಗೋಧಿಯ ಹೊಲ’. ಅದೇ ಕೈ, ಅದೇ ಊರು, ಅದೇ ತಿಂಗಳು, ಅದೇ ಅಳತೆಯ ಬಟ್ಟೆ, ಹೆಚ್ಚುಕಡಮೆ ಅದೇ ವಸ್ತು. ಶಾಲೆಯ ವಿಜ್ಞಾನ ಪ್ರಯೋಗಗಳಲ್ಲಿ ಉಳಿದುದೆಲ್ಲವನ್ನೂ ಸಮಾನವಾಗಿರಿಸಿ ಒಂದನ್ನು ಮಾತ್ರ ಬದಲಿಸಿ ನೋಡು ಎನ್ನುತ್ತೇವಲ್ಲವೆ, ಇಲ್ಲಿ ಚಿತ್ರಕಾರನೇ ನಮಗಾಗಿ ಹಾಗೆ ಮಾಡಿಟ್ಟಂತಿದೆ.

ಕಾರ್ಮೋಡದ ಚಿತ್ರದಲ್ಲಿ ಹೊಲ ಹಸುರು, ಬಾನು ನೀಲಿ. ಹಸುರಿಗೂ ನೀಲಿಗೂ ಜಗಳವಿಲ್ಲ. ಅವು ಒಂದೇ ಮನೆಯ ಅಣ್ಣತಮ್ಮಂದಿರು. ಹಸುರಿನ ನಡುವೆ ಅಲ್ಲಲ್ಲಿ ತೆಳು ಹಳದಿಯ ಪಟ್ಟಿಗಳು. ಕೆಳಗೆ ಒಂದಷ್ಟು ಕೆಂಪು ಚುಕ್ಕೆಗಳು. ಕುಂಚ ಬಹುಮಟ್ಟಿಗೆ ಅಡ್ಡಡ್ಡಲಾಗಿ ನಡೆದಿದೆ. ಅಡ್ಡಗೆರೆ ಮಲಗಿದ ಗೆರೆ. ಅದನ್ನು ಹಿಂಬಾಲಿಸುವ ಕಣ್ಣು ಆತುರವಿಲ್ಲದೆ ಎಡದಿಂದ ಬಲಕ್ಕೆ ಹೋಗಿ ಹಾಳೆಯಾಚೆಗೂ ಹೊಲ ಹಾಗೆಯೇ ಇದೆಯೆಂದು ತಿಳಿಯುತ್ತದೆ. ನೋಡುವವನಿಗೆ ಒಂಟಿತನ ಹುಟ್ಟುತ್ತದೆ, ಹೆದರಿಕೆ ಹುಟ್ಟುವುದಿಲ್ಲ. ಮಳೆಗೆ ಮುಂಚೆ ಬೈಲಿನ ಅಂಚಿನಲ್ಲಿ ಒಬ್ಬನೇ ನಿಂತಾಗ ಮನಸ್ಸು ಅಗಲವಾಗುವುದುಂಟಲ್ಲ, ಆ ಬಗೆಯ ಒಂಟಿತನ ಅದು.

ಕಾಗೆಗಳ ಚಿತ್ರಕ್ಕೆ ಬನ್ನಿ. ಗೋಧಿ ಈಗ ಕಿತ್ತಳೆಯ ಛಾಯೆಯ ಹಳದಿ. ಬಾನು ಕಡುನೀಲಿ, ಮೇಲಕ್ಕೆ ಹೋದಂತೆ ಕಪ್ಪಿಗೆ ಹತ್ತಿರ. ಹಳದಿಯೂ ಕಡುನೀಲಿಯೂ ಒಂದನ್ನೊಂದು ಬಿಟ್ಟುಕೊಡುವ ಬಣ್ಣಗಳಲ್ಲ. ಇದರ ಪಕ್ಕದಲ್ಲಿ ಅದು ಇನ್ನಷ್ಟು ಉರಿಯುತ್ತದೆ, ಅದರ ಪಕ್ಕದಲ್ಲಿ ಇದು ಇನ್ನಷ್ಟು ಕವಿಯುತ್ತದೆ. ಹೊಲದ ನಡುವೆ ಕೆಂಗಂದು ಬಣ್ಣದ ದಾರಿ, ಆ ಕೆಂಪು ಇನ್ನೂ ಕೆರಳುವಂತೆ ಅದರ ಅಂಚಿಗೆ ಹಸುರು ಹುಲ್ಲಿನ ಪಟ್ಟಿ. ದಾರಿಗಳು ಮೂರು. ಎಡದ್ದು ಚಿತ್ರದಿಂದ ಹೊರಕ್ಕೆ ಹೋಗುತ್ತದೆ, ಬಲದ್ದೂ ಹಾಗೆಯೇ. ನಡುವಿನದು ಹೊಲದೊಳಕ್ಕೆ ಹೋಗಿ, ಬಾಗಿ, ಗೋಧಿಯಲ್ಲಿಯೇ ಕಾಣದಾಗುತ್ತದೆ. ದಾರಿಯೆಂಬುದು ಚಿತ್ರದಲ್ಲಿದ್ದರೆ ನೋಡುವವನು ಮನಸ್ಸಿನಲ್ಲಿ ಅದನ್ನು ತುಳಿದು ನಡೆಯಲೇಬೇಕು. ಇಲ್ಲಿ ನಡೆದರೆ ಎಲ್ಲಿಗೂ ತಲುಪುವುದಿಲ್ಲ. ಕುಂಚದ ಬೀಸುಗಳಂತೂ ಯಾವ ದಿಕ್ಕಿಗೂ ಒಪ್ಪುವುದಿಲ್ಲ. ಗೋಧಿಯಲ್ಲಿ ಅವು ಓರೆಯಾಗಿ, ಒಂದರ ಮೇಲೊಂದು ಬಿದ್ದಿವೆ; ಬಾನಿನಲ್ಲಿ ಮೊಂಡಾಗಿ, ಅಡ್ಡಾದಿಡ್ಡಿಯಾಗಿ ಒತ್ತಲ್ಪಟ್ಟಿವೆ. ಕಾಗೆಗಳೋ, ಎರಡು ಗೀರುಗಳ ಕಪ್ಪು ಗುರುತುಗಳು. ನಮ್ಮ ಮಕ್ಕಳ ‘ವಿ’ ಹಕ್ಕಿಗಳಿಗೆ ಹತ್ತಿರದ ನೆಂಟರು! ಆದರೆ ಮಕ್ಕಳ ಹಕ್ಕಿಗಳು ಒಂದೇ ಅಚ್ಚಿನವು. ಇಲ್ಲಿ ಒಂದು ಗೀರು ದಪ್ಪ, ಒಂದು ತೆಳು. ಒಂದರ ರೆಕ್ಕೆ ಮುರಿದಂತೆ, ಮತ್ತೊಂದರದು ಚಾಚಿದಂತೆ. ಅವು ನಮ್ಮ ಕಡೆಗೆ ಬರುತ್ತಿವೆಯೋ ನಮ್ಮಿಂದ ದೂರ ಹೋಗುತ್ತಿವೆಯೋ ಎಂಬುದನ್ನು ನಿಶ್ಚಯಿಸಲಾಗದು. ಕಳವಳ ಹುಟ್ಟುವುದು ಈ ಅನಿಶ್ಚಯದಿಂದ.

ಕಾಗೆ ಅಪಶಕುನ, ಆದುದರಿಂದ ಚಿತ್ರ ದುಃಖದ್ದು ಎಂದು ವಿವರಿಸುವವರಿದ್ದಾರೆ. ಪರೀಕ್ಷೆಯಲ್ಲಿ ‘ಈ ಪದ್ಯದ ಸಂದೇಶವೇನು’ ಎಂದು ಕೇಳಿ ಕೇಳಿ ನಮಗೆ ಅಂಟಿದ ಚಟವಿದು. ಕಾಗೆಗಳನ್ನು ಬೆರಳಿನಿಂದ ಮುಚ್ಚಿಕೊಂಡು ಆ ಚಿತ್ರವನ್ನು ನೋಡಿ, ಕಳವಳ ಹೋಗುವುದಿಲ್ಲ. ಅದೇ ಕಾಗೆಗಳನ್ನು ತಂದು ಕಾರ್ಮೋಡದ ಚಿತ್ರದ ಹಸುರಿನ ಮೇಲೆ ಹಾರಿಸಿದರೆ ಅವು ಗದ್ದೆಗೆ ಕಾಳು ಹೆಕ್ಕಲು ಬಂದ ಕಾಗೆಗಳಾಗಿಯೇ ಉಳಿದಾವು.

ಇನ್ನೊಂದು ವಿವರಣೆ ಇದಕ್ಕಿಂತ ಪ್ರಬಲವಾದುದು. ಜುಲೈ 27ರಂದು ಅವನು ತನ್ನೆದೆಗೆ ತಾನೇ ಗುಂಡು ಹಾರಿಸಿಕೊಂಡನು, ಎರಡು ದಿನಗಳ ಬಳಿಕ ತೀರಿಕೊಂಡನು, ಈ ಚಿತ್ರವೇ ಅವನ ಕೊನೆಯ ಚಿತ್ರ ಎಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಇಂಗ್ಲೆಂಡಿನ ವಿಮರ್ಶಕ ಜಾನ್ ಬರ್ಜರ್ 1972ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇದೇ ಚಿತ್ರವನ್ನು ಮೊದಲು ಬರಿದಾಗಿ ತೋರಿಸಿ, ಪುಟ ತಿರುವಿದಾಗ ಇದು ಸಾವಿಗೆ ಮುಂಚಿನ ಕೊನೆಯ ಚಿತ್ರವೆಂಬ ಮಾತಿನೊಡನೆ ಮತ್ತೆ ತೋರಿಸುತ್ತಾನೆ. ಮಾತು ಸೇರಿದೊಡನೆ ಚಿತ್ರ ನಮ್ಮ ಕಣ್ಣಿಗೆ ಬದಲಾಗಿಬಿಡುತ್ತದೆಂಬುದು ಅವನ ವಾದ. ವಾದ ಸರಿಯಾದುದೇ, ಆದರೆ ಆ ಮಾತು ಮಾತ್ರ ನಿಜವಲ್ಲ. ಇದರ ಅನಂತರವೂ ವ್ಯಾನ್ ಗೋ ಚಿತ್ರ ಬರೆದನು. ಅವನ ಕೊನೆಯ ಚಿತ್ರ ‘ಮರದ ಬೇರುಗಳು’ ಎಂಬುದೆಂದು ಈಗ ಬಲ್ಲವರು ಒಪ್ಪುತ್ತಾರೆ. ಆ ಬೇರುಗಳಿದ್ದ ಓವೇರಿನ ರಸ್ತೆಬದಿಯ ದಿಬ್ಬವನ್ನು 2020ರಲ್ಲಿ ಹಳೆಯ ಅಂಚೆಕಾರ್ಡಿನ ಛಾಯಾಚಿತ್ರವೊಂದರ ಸಹಾಯದಿಂದ ಗುರುತಿಸಲಾಗಿದೆ.

ಆ ಜುಲೈ ತಿಂಗಳಿನಲ್ಲಿ ತಮ್ಮನಿಗೂ ತಮ್ಮನ ಹೆಂಡತಿಗೂ ಬರೆದ ಪತ್ರದಲ್ಲಿ ಅವನು ಈ ಹೊಲಗಳ ವಿಷಯವನ್ನು ಪ್ರಸ್ತಾಪಿಸುತ್ತಾನೆ. ಕದಡಿದ ಬಾನಿನ ಕೆಳಗಿನ ಹೊಲಗಳಲ್ಲಿ ದುಃಖವನ್ನೂ ಕಡುಕಡೆಯ ಒಂಟಿತನವನ್ನೂ ಹೇಳಲು ಯತ್ನಿಸಿದ್ದೇನೆಂಬುದು ಮೊದಲ ಮಾತು. ಹಳ್ಳಿಗಾಡಿನಲ್ಲಿ ತಾನು ಕಾಣುವ ಆರೋಗ್ಯವನ್ನೂ ಬಲವನ್ನೂ, ಬಾಯಿಮಾತಿನಲ್ಲಿ ಹೇಳಲಾಗದುದನ್ನು, ಈ ಚಿತ್ರಗಳು ನಿಮಗೆ ಹೇಳಿಯಾವೆಂಬುದು ಅದರ ಬೆನ್ನಿಗೇ ಬರುವ ಮಾತು. ಮೊದಲನೆಯದನ್ನು ಮಾತ್ರ ಎಲ್ಲರೂ ಎತ್ತಿ ಹೇಳುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಕಾಗೆಗಳ ಚಿತ್ರದ ಗೋಧಿಯನ್ನು ಮತ್ತೊಮ್ಮೆ ನೋಡಿದರೆ ಎರಡನೆಯ ಮಾತೂ ಕಣ್ಣಿಗೆ ಬೀಳುತ್ತದೆ. ಅದು ಬಾಡಿದ ಬೆಳೆಯಲ್ಲ. ಕೊಯ್ಲಿಗೆ ಬಂದ, ತೆನೆ ತುಂಬಿದ ಬೆಳೆ. ಬಾನು ಎಷ್ಟೇ ಒತ್ತಿದರೂ ಹಳದಿ ಸೋತಿಲ್ಲ. ದುಃಖವೂ ಬಲವೂ ಒಂದೇ ಹಾಳೆಯಲ್ಲಿ ಒಂದನ್ನೊಂದು ತಳ್ಳುತ್ತ ನಿಂತಿರುವುದೇ ಆ ಚಿತ್ರದ ಹಿರಿಮೆಯೆಂಬುದು ನನ್ನ ಅಭಿಪ್ರಾಯ.

ಹುಚ್ಚಿನ ಆವೇಶದಲ್ಲಿ ಬಣ್ಣ ಎರಚಿದನೆಂಬ ಮಾತೂ ಒಂದಿದೆ. ಚಲನಚಿತ್ರಗಳು ಅದನ್ನು ಬೆಳೆಸಿವೆ. ರೋಗ ಉಲ್ಬಣಿಸಿದಾಗ ಅವನಿಂದ ಕೆಲಸ ಸಾಗುತ್ತಿರಲಿಲ್ಲ; ಮನಸ್ಸು ತಿಳಿಯಾಗಿದ್ದ ದಿನಗಳ ಬೆಳೆಯೇ ಈ ಚಿತ್ರಗಳೆಲ್ಲ. ಅವನು ಬರೆದ 800ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಅವುಗಳಲ್ಲಿ ಚಿತ್ರದ ಕರಡುಗಳನ್ನು ಗೀಚಿ ಎಲ್ಲೆಲ್ಲಿ ಯಾವ ಯಾವ ಬಣ್ಣವೆಂದು ಹೆಸರು ಬರೆದಿರುವುದುಂಟು. ಅವನ ಬಳಿ ಅರಗಿನ ಮೆರುಗಿನ ಕೆಂಪು ಪೆಟ್ಟಿಗೆಯೊಂದಿತ್ತು. ಅದರಲ್ಲಿದ್ದುದು ಬಣ್ಣಬಣ್ಣದ ಉಣ್ಣೆಯ ನೂಲಿನ 16 ಉಂಡೆಗಳು. ಬೇರೆ ಬೇರೆ ಬಣ್ಣದ ಎಳೆಗಳನ್ನು ಜೊತೆಗೂಡಿಸಿ ಸುತ್ತಿ, ಯಾವ ಬಣ್ಣದ ಪಕ್ಕದಲ್ಲಿ ಯಾವುದು ಹೇಗೆ ಕಾಣುತ್ತದೆಂದು ಪರೀಕ್ಷಿಸಿದ ಬಳಿಕವೇ ಕುಂಚ ಎತ್ತುತ್ತಿದ್ದವನನ್ನು ಹುಚ್ಚನೆನ್ನುವುದಾದರೆ ನಮ್ಮ ನೇಕಾರರೆಲ್ಲರನ್ನೂ ಹಾಗೆಯೇ ಕರೆಯಬೇಕಾದೀತು.

ನೇಕಾರರ ಮಾತು ಬಂದುದು ಆಕಸ್ಮಿಕವಲ್ಲ. ಬಣ್ಣದ ಈ ನೆರೆಹೊರೆಯ ನಿಯಮ ಶಾಸ್ತ್ರವಾದುದು ನೆಯ್ಗೆಯ ಕಾರ್ಖಾನೆಯಲ್ಲಿಯೇ. ಪ್ಯಾರಿಸಿನ ಗೊಬೆಲಿನ್ ಎಂಬಲ್ಲಿ ಚಿತ್ರಕಂಬಳಿಗಳನ್ನು ನೆಯ್ಯುವ ಸರಕಾರಿ ಕಾರ್ಖಾನೆಯಿತ್ತು. ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನು ಅಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದನು. ಅಲ್ಲಿಯ ಕಪ್ಪು ಬಣ್ಣ ಸತ್ವಹೀನವಾಗಿದೆಯೆಂದು ದೂರು ಬಂದಾಗ ಅವನು ಪರೀಕ್ಷಿಸಿ ನೋಡಿದನು, ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೆಯ್ದ ನೀಲಿ, ನೇರಳೆ ಮೊದಲಾದ ಎಳೆಗಳು ಆ ಕಪ್ಪನ್ನು ಕಣ್ಣಿಗೆ ಮಂಕಾಗಿಸುತ್ತಿದ್ದವು. ಇದನ್ನು ವಿಸ್ತರಿಸಿ ಅವನು 1839ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಯಾವ ಬಣ್ಣವೂ ಒಂಟಿಯಾಗಿ ಕಾಣಿಸದು, ನೆರೆಯ ಬಣ್ಣ ಅದನ್ನು ತನಗೆ ವಿರುದ್ಧವಾದ ದಿಕ್ಕಿಗೆ ತಳ್ಳುತ್ತದೆ ಎಂಬುದು ಅದರ ಸಾರ. ಕೆಂಪಿಗೆ ಹಸುರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ ಪರಸ್ಪರ ಪೂರಕ. ಅಕ್ಕಪಕ್ಕದಲ್ಲಿಟ್ಟರೆ ಎರಡೂ ಉಜ್ವಲವಾಗುತ್ತವೆ. ಮನೆಯಲ್ಲಿ ಬೂದು ಬಣ್ಣದ ಕಾಗದವೊಂದನ್ನು ಎರಡು ತುಂಡು ಮಾಡಿ ಒಂದನ್ನು ಕೆಂಪಿನ ಮೇಲೆ, ಇನ್ನೊಂದನ್ನು ಹಸುರಿನ ಮೇಲೆ ಇರಿಸಿ ನೋಡಿ. ಅವೆರಡೂ ಒಂದೇ ಕಾಗದದ ತುಂಡುಗಳೆಂದು ನಂಬುವುದೇ ಕಷ್ಟವಾಗುತ್ತದೆ. ಸೀರೆಯ ಒಡಲಿಗೆ ಯಾವ ಅಂಚು ಒಪ್ಪುತ್ತದೆಂಬುದನ್ನು ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಈ ಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮಲ್ಲಿ ಬಣ್ಣಕ್ಕೂ ಭಾವಕ್ಕೂ ಗಂಟುಹಾಕಿದ್ದು ಇದಕ್ಕಿಂತ ಎಷ್ಟೋ ಹಿಂದೆ. ಭರತನ ನಾಟ್ಯಶಾಸ್ತ್ರದಲ್ಲಿ ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ ಎಂದು ರಸಕ್ಕೊಂದು ವರ್ಣವನ್ನು ವಿಧಿಸಲಾಗಿದೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ಇದು ಬರಿಯ ಪುಸ್ತಕದ ಮಾತಾಗಿ ಉಳಿದಿಲ್ಲ. ತೆಂಕುತಿಟ್ಟಿನ ಬಣ್ಣದ ವೇಷ ಚಿಟ್ಟಿ ಇಟ್ಟ ಮುಖದೊಡನೆ ರಂಗಕ್ಕೆ ಬಂದಾಗ, ಒಂದು ಮಾತಾಡುವ ಮೊದಲೇ ಸಭೆಯ ಹಿಂದಿನ ಸಾಲಿನ ಮಗುವಿಗೂ ರೌದ್ರವೆಂದರೇನೆಂದು ತಿಳಿದುಹೋಗುತ್ತದೆ. ಬಣ್ಣ ಭಾವವನ್ನು ಹೇಳಬಲ್ಲುದೆಂಬುದರಲ್ಲಿ ನಮ್ಮ ಜನರಿಗೆ ಸಂಶಯವಿಲ್ಲ. ಆದರೆ ರಂಗದ ವರ್ಣ ಒಂದು ಒಪ್ಪಂದ, ಪ್ರೇಕ್ಷಕನಿಗೂ ವೇಷಧಾರಿಗೂ ಮೊದಲೇ ಆಗಿರುವ ಒಪ್ಪಂದ. ನಿಸರ್ಗಚಿತ್ರದಲ್ಲಿ ಅಂತಹ ಕರಾರು ಇಲ್ಲ. ಗೋಧಿಯ ಹಳದಿ ಅಲ್ಲಿ ಅದ್ಭುತವೂ ಆಗಬಹುದು, ಕಳವಳವೂ ಆಗಬಹುದು. ಪಕ್ಕದ ನೀಲಿ ಎಷ್ಟು ಕಡು, ಕುಂಚ ಎಷ್ಟು ವೇಗದಲ್ಲಿ ಓಡಿದೆ ಎಂಬುದರಿಂದ ಅದು ತೀರ್ಮಾನವಾಗುತ್ತದೆ. ಚಿತ್ರಕಾರ ಪ್ರತಿಯೊಂದು ಚಿತ್ರದಲ್ಲಿಯೂ ಹೊಸ ಒಪ್ಪಂದ ಮಾಡಿಕೊಳ್ಳಬೇಕು. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಬೆಳದಿಂಗಳು, ಮಳೆ, ಉಪವನಗಳು ಉದ್ದೀಪನ ವಿಭಾವಗಳು. ನಾಯಕ ನಾಯಿಕೆಯರ ಭಾವವನ್ನು ಕೆರಳಿಸುವುದಕ್ಕಾಗಿ ಇರುವಂಥವು. ಓವೇರಿನ ಆ ಹೊಲದಲ್ಲಿ ನಾಯಕನೂ ಇಲ್ಲ, ನಾಯಿಕೆಯೂ ಇಲ್ಲ, ಒಂದು ನರಪಿಳ್ಳೆಯೂ ಇಲ್ಲ. ಹೊಲವೇ ಅಲ್ಲಿ ಆಲಂಬನ.

ಕುಂಚದ ನಡೆಯನ್ನು ಅರಿಯಲು ಅಧ್ಯಾಪಕರಾದವರಿಗೆ ಒಂದು ಸುಲಭದ ದಾರಿಯಿದೆ. ಉತ್ತರಪತ್ರಿಕೆಗಳನ್ನು ರಾಶಿ ರಾಶಿಯಾಗಿ ತಿದ್ದಿದವರೆಲ್ಲರೂ ಬಲ್ಲರು: ವಿಷಯವನ್ನು ಓದುವ ಮೊದಲೇ ಅಕ್ಷರ ನಮಗೆ ಏನನ್ನೋ ಹೇಳಿಬಿಡುತ್ತದೆ. ಧೈರ್ಯವಾಗಿ ಬರೆದ ಸಾಲು, ಅಳುಕಿ ಬರೆದ ಸಾಲು, ಗಂಟೆ ಬಾರಿಸುವ ಮುನ್ನ ಓಡುತ್ತ ಬರೆದ ಸಾಲು, ಇವು ಕಣ್ಣಿಗೇ ಬೇರೆ ಬೇರೆ. ‘ಅ’ ಎಂಬ ಅಕ್ಷರದ ಅರ್ಥ ಎಲ್ಲ ಕೈಗಳಲ್ಲಿಯೂ ಒಂದೇ. ಅದರ ನಡೆ ಮಾತ್ರ ಕೈಯಿಂದ ಕೈಗೆ ಬೇರೆ. ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ದಕ್ಷಿಣದ ಆರ್ಲ್ ಪಟ್ಟಣದಲ್ಲಿದ್ದಾಗ ಜೊಂಡಿನ ಕಡ್ಡಿಯನ್ನು ಕೊಯ್ದು ಲೆಕ್ಕಣಿಕೆ ಮಾಡಿಕೊಂಡು, ಮಸಿಯಲ್ಲಿ ಅದ್ದಿ ಹೊಲಗಳನ್ನು ಬರೆದನು. ಜಪಾನಿನ ಮರದಚ್ಚಿನ ಚಿತ್ರಗಳನ್ನು ನೂರುಗಟ್ಟಲೆ ಸಂಗ್ರಹಿಸಿದ್ದ ಅವನಿಗೆ ಗೆರೆಯ ಮಹತ್ವ ತಿಳಿದಿತ್ತು. ಲೆಕ್ಕಣಿಕೆಯಲ್ಲಿ ಬಣ್ಣವಿಲ್ಲ, ದೂರದ ಹೊಲಕ್ಕೆ ಚುಕ್ಕೆ, ಹತ್ತಿರದ ಹುಲ್ಲಿಗೆ ಗೀರು, ಮರಕ್ಕೆ ಸುರುಳಿ, ಹೀಗೆ ಗುರುತುಗಳಿಂದಲೇ ಎಲ್ಲವನ್ನೂ ಹೇಳಬೇಕು. ಆ ಲಿಪಿಯನ್ನೇ ಅವನು ಮುಂದೆ ಕುಂಚಕ್ಕೆ ಕಲಿಸಿದನು.

ಆ ಲಿಪಿಯನ್ನು ಓದಲು 1889ರ ಜೂನ್ ತಿಂಗಳಿನ ‘ನಕ್ಷತ್ರಖಚಿತ ರಾತ್ರಿ’ಯೇ ಒಳ್ಳೆಯ ಪಾಠ. ಈಗ ನ್ಯೂಯಾರ್ಕಿನಲ್ಲಿರುವ ಆ ಚಿತ್ರ ಚೀಲಗಳ ಮೇಲೂ ಚಹದ ಬಟ್ಟಲುಗಳ ಮೇಲೂ ಅಚ್ಚಾಗಿ ಎಲ್ಲರಿಗೂ ಪರಿಚಿತವಾಗಿದೆ. ಪರಿಚಿತವಾದುದನ್ನು ಯಾರೂ ನೋಡುವುದಿಲ್ಲ. ಅದರಲ್ಲಿ ಕುಂಚ ಮೂರು ಬಗೆಯಲ್ಲಿ ನಡೆದಿದೆ. ಬಾನಿನಲ್ಲಿ ಸುಳಿಸುಳಿಯಾಗಿ, ನೀರಿನ ಮಡುವಿನಂತೆ. ಎಡಬದಿಯ ಸೈಪ್ರೆಸ್ ಮರದಲ್ಲಿ ಕೆಳಗಿನಿಂದ ಮೇಲಕ್ಕೆ, ಬೆಂಕಿಯ ನಾಲಗೆಯಂತೆ. ಕೆಳಗಿನ ಹಳ್ಳಿಯ ಮನೆಗಳಲ್ಲಿ ಮಾತ್ರ ಗಿಡ್ಡ ಗಿಡ್ಡ ನೇರ ಗೆರೆಗಳು. ಮೇಲಿನ ಬಾನೆಲ್ಲ ಎದ್ದು ಕುಣಿಯುತ್ತಿರುವಾಗ ಹಳ್ಳಿ ನಿದ್ರಿಸುತ್ತಿದೆಯೆಂಬುದನ್ನು ಹೇಳಲು ಅವನಿಗೆ ಬೇರೇನೂ ಬೇಕಾಗಲಿಲ್ಲ, ಗೆರೆಯ ಉದ್ದವನ್ನು ಕಡಮೆ ಮಾಡಿದನಷ್ಟೆ. ಚಿತ್ತರೋಗಿಗಳ ಆಸ್ಪತ್ರೆಯ ಕಿಟಕಿಯಿಂದ ಕಂಡ ಬಾನನ್ನು ನೆನಪಿನಲ್ಲಿರಿಸಿಕೊಂಡು ಹಗಲಿನಲ್ಲಿ ರಚಿಸಿದ ಚಿತ್ರವದು. ಆ ಹಳ್ಳಿ ಕಿಟಕಿಯಿಂದ ಕಾಣುತ್ತಿರಲೂ ಇಲ್ಲ. ಕಂಡದ್ದನ್ನು ಕಂಡಂತೆ ಬರೆದನೆಂಬ ಹೊಗಳಿಕೆ ಅವನಿಗೆ ಸಲ್ಲದು.

ಬಣ್ಣದ ದಪ್ಪವೂ ಮಾತಾಡುತ್ತದೆ. ಎಣ್ಣೆಬಣ್ಣವನ್ನು ಅವನು ಗಾರೆಯಂತೆ ಮೆತ್ತುತ್ತಿದ್ದನು. ಕುಂಚದ ಕೂದಲು ಎಳೆದ ಉಳುಮೆಯ ಸಾಲುಗಳು ಹಾಗೆಯೇ ಒಣಗಿ ನಿಂತಿವೆ. ತಗಡಿನ ಕೊಳವೆಯಲ್ಲಿ ಬಣ್ಣ ತುಂಬುವ ಉಪಾಯವನ್ನು ಅಮೆರಿಕದ ಜಾನ್ ರ‍್ಯಾಂಡ್ 1841ರಲ್ಲಿ ಕಂಡುಹಿಡಿದುದರಿಂದಲೇ ಚಿತ್ರಕಾರರು ಬಣ್ಣವನ್ನು ಹೊತ್ತುಕೊಂಡು ಹೊಲಕ್ಕೆ ಹೋಗುವುದು ಸುಲಭವಾಯಿತು. ಹೊಲದಲ್ಲಿ ಗಾಳಿ, ಧೂಳು, ಹುಳಹುಪ್ಪಟೆ. 1889ರ ಅವನ ‘ಆಲಿವ್ ಮರಗಳು’ ಚಿತ್ರವನ್ನು ಅಮೆರಿಕದ ಕಾನ್ಸಾಸ್ ನಗರದ ವಸ್ತುಸಂಗ್ರಹಾಲಯದವರು 2017ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದಾಗ ಬಣ್ಣದೊಳಗೆ ಸಣ್ಣ ಮಿಡತೆಯೊಂದು ಅಂಟಿಕೊಂಡಿರುವುದು ಕಂಡುಬಂದಿತು! ಮೊಬೈಲಿನ ಗಾಜಿನ ಮೇಲೆ ಬೆಳಕಾಗಿ ಮೂಡುವ ಚಿತ್ರದಲ್ಲಿ ಈ ದಪ್ಪವಿಲ್ಲ, ಉಳುಮೆಯ ಸಾಲಿನ ನೆರಳಿಲ್ಲ. ಮಕ್ಕಳಿಗೆ ಜಗತ್ತಿನ ಚಿತ್ರಗಳೆಲ್ಲ ಈಗ ಅಂಗೈಯಲ್ಲಿಯೇ ಸಿಗುತ್ತವೆಂಬುದು ನಿಜ. ಸಿಗುವುದರಲ್ಲಿ ಯಾವುದು ಇಲ್ಲವೆಂಬುದನ್ನೂ ಅವರಿಗೆ ಹೇಳಬೇಕು.

ಭಾವವುಳ್ಳ ನಿಸರ್ಗಚಿತ್ರವೆಂದರೆ ದುಃಖದ ಚಿತ್ರವೇ ಆಗಬೇಕೆಂದು ಯಾರೂ ತಿಳಿಯಬಾರದು. ನಮ್ಮ ಕನ್ನಡನಾಡಿನವರೇ ಆದ ರುಮಾಲೆ ಚನ್ನಬಸವಯ್ಯನವರನ್ನು (1910-1988) ಇಲ್ಲಿ ನೆನೆಯಬೇಕು. ದೊಡ್ಡಬಳ್ಳಾಪುರದವರಾದ ಅವರು ಸ್ವಾತಂತ್ರ್ಯ ಹೋರಾಟಗಾರರು. ಬಾಳಿನ ಎಷ್ಟೋ ವರ್ಷಗಳನ್ನು ಸಾರ್ವಜನಿಕ ಕೆಲಸಕ್ಕೆ ಕೊಟ್ಟು, ಮತ್ತೆ ಕುಂಚಕ್ಕೆ ಮರಳಿದವರು. ಬೆಂಗಳೂರಿನ ಹೂಬಿಟ್ಟ ಸಾಲುಮರಗಳ ಮುಂದೆಯೇ ಕುಳಿತು ಜಲವರ್ಣದಲ್ಲಿಯೂ ತೈಲವರ್ಣದಲ್ಲಿಯೂ ಅವನ್ನು ಚಿತ್ರಿಸಿದರು. ಅವರ ಮರಗಳಲ್ಲಿ ಹೂವನ್ನು ಎಣಿಸಲಾಗದು; ಬಣ್ಣದ ಸಣ್ಣ ಸಣ್ಣ ಹನಿಗಳು ಒತ್ತೊತ್ತಾಗಿ ಬಿದ್ದು ಮರವೇ ಹೂವಾಗಿ ಹೊತ್ತಿಕೊಂಡಂತೆ ಕಾಣುತ್ತದೆ. ಅಲ್ಲಿರುವುದು ಹಿಗ್ಗು. ವ್ಯಾನ್ ಗೋವಿನ ಹೆಸರನ್ನು ಬಲ್ಲ ನಮ್ಮ ವಿದ್ಯಾವಂತರಲ್ಲಿ ಎಷ್ಟು ಮಂದಿ ರುಮಾಲೆಯವರನ್ನು ಬಲ್ಲರೆಂದು ಕೇಳಿದರೆ ಉತ್ತರ ಸಂತೋಷಕರವಾಗಿರಲಾರದು.

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂದು ಯಾರಾದರೂ ನನ್ನನ್ನು ಹಂಗಿಸಿಯಾರು. ಕನ್ನಡ ಬಲ್ಲ ಅಧ್ಯಾಪಕರನ್ನೇ ಕೊಡಿರೆಂದು ಕೇಳಿ ಕೇಳಿ ಗಂಟಲೊಣಗಿರುವ ನಮಗೆ ಚಿತ್ರಕಲೆಯ ಚಿಂತೆಯೇಕೆ ಎನ್ನುವವರಿದ್ದಾರೆ. ಅವರ ಸಂಕಟ ನನಗೂ ಗೊತ್ತು. ವರ್ಷಾರಂಭದಲ್ಲಿ ವೇಳಾಪಟ್ಟಿ ಬರೆಯಲು ಕುಳಿತಾಗ, ಹತ್ತನೆಯ ತರಗತಿಯ ಚಿತ್ರಕಲೆಯ ಪೀರಿಯಡ್ಡನ್ನು ಗಣಿತಕ್ಕೆ ಕೊಡಿ ಎಂಬ ಕೋರಿಕೆಯೇ ಎಲ್ಲಕ್ಕಿಂತ ಮೊದಲು ಬರುತ್ತಿತ್ತು. ನಾನು ಅದಕ್ಕೆ ಒಪ್ಪಿದ್ದಿಲ್ಲ, ಗಣಿತದ ಫಲಿತಾಂಶ ಅದರಿಂದ ಕುಗ್ಗಿದ್ದೂ ಇಲ್ಲ. ಆದರೆ ನನ್ನ ವಾದ ಪೀರಿಯಡ್ಡಿನ ಲೆಕ್ಕಕ್ಕಿಂತ ಬೇರೆಯಾದುದು. ಬಣ್ಣವನ್ನು ನೋಡಲು ಕಲಿಯುವುದೂ ಕನ್ನಡ ಕಲಿಯುವುದೂ ಒಂದನ್ನೊಂದು ಬಿಟ್ಟ ಕೆಲಸಗಳಲ್ಲ. ಕಾವಿ, ಕಂದು, ಕೇಸರಿ, ಕಡುಗೆಂಪು, ನಸುಗೆಂಪು, ಹೊಂಬಣ್ಣ, ಗಿಳಿಹಸುರು, ಎಣ್ಣೆಗಪ್ಪು, ಮುಗಿಲುಬಣ್ಣ, ಮಾಸಲು ಬಿಳಿ, ಬದನೆಹೂವಿನ ನೇರಳೆ, ಇವೆಲ್ಲ ನಮ್ಮ ಅಜ್ಜಿಯಂದಿರ ಬಾಯಲ್ಲಿದ್ದ ಮಾತುಗಳು. ಅಂಗಳದಲ್ಲಿ ಹರಡಿದ ಹಣ್ಣಡಿಕೆ ಮೊದಲ ದಿನದ ಕಿತ್ತಳೆಯಿಂದ ಒಣಗುತ್ತ ಒಣಗುತ್ತ ಕಂದಾಗಿ, ಕೊನೆಗೆ ಬೂದಿಗೆ ತಿರುಗುವವರೆಗಿನ ಒಂದೊಂದು ಹಂತವನ್ನೂ ಅವರು ಬಣ್ಣದಿಂದಲೇ ಗುರುತಿಸುತ್ತಿದ್ದರು. ಇಂದಿನ ಮಗುವಿಗೆ ಕೆಂಪು ಒಂದೇ, ಹಸುರು ಒಂದೇ. ಉಳಿದುದಕ್ಕೆಲ್ಲ ‘ಲೈಟ್’, ‘ಡಾರ್ಕ್’ ಎಂಬ ಎರಡು ಪದಗಳು. ಮಾತು ಹೋದಲ್ಲಿ ನೋಟ ಮೊಂಡಾಗುತ್ತದೆ. ನೋಟ ಮೊಂಡಾದ ಮೇಲೆ ಹೋದ ಮಾತನ್ನು ಯಾರೂ ಹುಡುಕುವುದಿಲ್ಲ.

ಇದಕ್ಕೆ ದೊಡ್ಡ ಅನುದಾನವೂ ಬೇಡ, ನಿಯೋಗ ಹೋಗುವುದೂ ಬೇಡ. ಸುವರ್ಣ ಮಹೋತ್ಸವದ ನಿಮಿತ್ತ ಶಾಲೆಯ ಜಗಲಿಯಲ್ಲಿ ದಾನಿಗಳ ಹೆಸರಿನ ಶಿಲಾಫಲಕದ ಪಕ್ಕದಲ್ಲಿ ನಾನು ಹೇಳಿದ ಆ ಎರಡು ಗೋಧಿಯ ಹೊಲಗಳನ್ನೂ ರುಮಾಲೆಯವರ ಒಂದು ಮರವನ್ನೂ ಒಳ್ಳೆಯ ಮುದ್ರಣದಲ್ಲಿ ತೂಗಹಾಕಲಿ, ಕೆಳಗೆ ವಿವರಣೆ ಬರೆ��ದಿರಲಿ. ವರ್ಷದಲ್ಲಿ ಎರಡು ಬಾರಿ, ಮಳೆಗಾಲದ ನಡುವೆ ಒಮ್ಮೆ, ಬೇಸಗೆಯ ಆರಂಭದಲ್ಲೊಮ್ಮೆ, ಒಂದೇ ತರಗತಿಯ ಮಕ್ಕಳನ್ನು ಒಂದೇ ಪದವಿಗೆ ಕರೆದೊಯ್ದು ಒಂದೇ ಕಲ್ಲಿನ ಮೇಲೆ ಕೂರಿಸಿ ಬಣ್ಣ ಹಚ್ಚಿಸಲಿ. ಹೊಸದಾಗಿ ಕಡಿದ ಕೆಂಪುಕಲ್ಲಿನ ಕೋರೆ ನೆನೆದ ಹಸುರಿನ ನಡುವೆ ಹೇಗೆ ಉರಿಯುತ್ತದೆಂಬುದನ್ನು ಮಕ್ಕಳೇ ಕಾಣಲಿ. ಶೆವ್ರಲನ ಹೆಸರನ್ನು ಆಮೇಲೆ ಹೇಳಿದರಾಯಿತು. ಪೆನ್ಸಿಲನ್ನೂ ರಬ್ಬರನ್ನೂ ಆ ದಿನ ಶಾಲೆಯಲ್ಲಿಯೇ ಬಿಟ್ಟು ಹೋಗಲಿ, ಗೆರೆಯಿದ್ದರಲ್ಲವೆ ಅದನ್ನು ದಾಟುವ ಭಯ! ಪೋಸ್ಟರ್ ಕಲರಿನ ಸೀಸೆಗಳು ಐದು ಸಾಕು: ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು. ಹಸುರಿನ ಸೀಸೆಯನ್ನು ಮಾತ್ರ ಕೊಳ್ಳಬಾರದು. ಹಳದಿಗೆ ನೀಲಿ ಬೆರೆತರೆ ಎಳೆ ಬಾಳೆಯೆಲೆಯ ಹಸುರು. ಹಳದಿಗೆ ತುಸು ಕಪ್ಪು ಬೆರೆತರೆ ಮಳೆಯಲ್ಲಿ ನೆನೆದ ಪಾಚಿಯ ಹಸುರು. ಅದಕ್ಕೇ ಒಂದು ತೊಟ್ಟು ಕೆಂಪು ಬಿದ್ದರೆ ಗೇರುಗುಡ್ಡದ ಸಂಜೆಯ ಹಸುರು. ತಟ್ಟೆಯಲ್ಲಿ ಅದನ್ನು ಕಲಸುತ್ತ ಕುಳಿತ ಮಗು ಒಮ್ಮೆಯಾದರೂ ತಲೆಯೆತ್ತಿ ಎದುರಿನ ಮರವನ್ನು ನೋಡಲೇಬೇಕಾಗುತ್ತದೆ.